ಬಿಟ್ಟ ಮೀನಿನ ಲೆಕ್ಕ

ಹಿಂಸೆಯ ವಿಚಾರ ಬಂದಾಗ ಜನ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಜೀವ ಹೋಯಿತೇ ಉಳಿಯಿತೇ ಎಂಬುದು. ಜೀವ ಉಳಿದಿದ್ದರೆ ದೋಷವಿಲ್ಲವೆಂದು ಮನಸ್ಸು ಬೇಗನೆ ಸಮಾಧಾನಪಟ್ಟುಕೊಳ್ಳುತ್ತದೆ. ಈ ಸಮಾಧಾನವನ್ನು ಒರೆಗೆ ಹಚ್ಚಿ ನೋಡಲು ಇಂದಿನ ಒಂದು ವಿನೋದ ತಕ್ಕ ಉದಾಹರಣೆಯಾಗಿದೆ. ಮೀನನ್ನು ಗಾಳಕ್ಕೆ ಸಿಕ್ಕಿಸಿ, ಎಳೆದು, ತೂಗಿ, ಕೈಯಲ್ಲಿ ಹಿಡಿದು ಛಾಯಾಚಿತ್ರ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುವ ಆಟವೇ ಅದು. ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಆದುದರಿಂದ ಇದು ಅಹಿಂಸೆಯ ಆಟವೆಂದು ಅದರ ಅಭಿಮಾನಿಗಳು ಹೇಳುತ್ತಾರೆ. ಅವರ ಮಾತನ್ನು ಗೌರವದಿಂದ ಕೇಳಿ, ನ್ಯಾಯವಾಗಿ ತೂಗಬೇಕು.

ಹಾಸನ ತಾಲ್ಲೂಕಿನ ಸಾಲಗಾಮೆಯ ಸೀಮೆಯಲ್ಲಿ ಒಂದು ಕೆರೆಯ ಏರಿಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಹೊತ್ತು ಇಳಿದಿದೆ, ಗಾಳಿ ಅಡಗಿದೆ. ತರುಣನೊಬ್ಬ ಕೋಲು ಮತ್ತು ರೀಲು ಹಿಡಿದು ನಿಂತಿದ್ದಾನೆ. ನೂಲಿನ ತುದಿಯಲ್ಲಿ ಇರುವುದು ಎರೆಹುಳುವಲ್ಲ, ರಬ್ಬರಿನ ಪೊಳ್ಳು ಕಪ್ಪೆ. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಒತ್ತಿಕೊಂಡಿರುವುದರಿಂದ ಜೊಂಡಿಗಾಗಲಿ ತಾವರೆ ಎಲೆಗಾಗಲಿ ಸಿಕ್ಕಿಕೊಳ್ಳುವುದಿಲ್ಲ. ಅದನ್ನು ಎಲೆಗಳ ಆಚೆಗೆ ಎಸೆದು, ತುಸು ಎಳೆದು, ತುಸು ನಿಲ್ಲಿಸಿ, ಜೀವಂತ ಕಪ್ಪೆ ಕುಪ್ಪಳಿಸಿದಂತೆ ನೀರಿನ ಮೇಲೆ ಆಡಿಸುತ್ತಾನೆ. ನಡುಹಗಲಿನ ಬಿಸಿಲಿನಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು. ಮುಂಜಾವು ಮತ್ತು ಮುಸ್ಸಂಜೆಯ ಮಂದ ಬೆಳಕಿನಲ್ಲಿ, ನೀರು ಕಲಕದೆ ನಿಂತಾಗ ಅದು ಚೆನ್ನಾಗಿ ನಡೆಯುತ್ತದೆ. ಅಮೆರಿಕದಲ್ಲಿ ಬಾಸ್ ಎಂಬ ಮೀನಿಗೆ ತೇಲುವ ಹುಸಿ ಎರೆಯನ್ನು ಎಸೆಯುವವರು ಅನುಸರಿಸುವ ವೇಳೆ ಮತ್ತು ವಿಧಾನ ಹೆಚ್ಚುಕಡಿಮೆ ಇವೇ. ನಮ್ಮ ಕೆರೆಗಳಲ್ಲಿ ಬಾಸ್ ಮೀನಿನ ಸ್ಥಾನದಲ್ಲಿರುವುದು ಹಾವಿನಂಥ ತಲೆಯುಳ್ಳ ಕೊರವ ಮೀನು.

ಈ ಕೊರವನ ಸ್ವಭಾವವನ್ನು ತಿಳಿಯದೆ ಪ್ರಶ್ನೆಯ ಆಳ ತಿಳಿಯುವುದಿಲ್ಲ. ಅದಕ್ಕೆ ಕಿವಿರಿನ ಉಸಿರು ಸಾಲದು. ಆಗಾಗ ಮೇಲೆ ಬಂದು ಗಾಳಿಯನ್ನು ನುಂಗಲೇಬೇಕು. ಮಳೆಗಾಲದಲ್ಲಿ ಮರಿಗಳಾದಾಗ ಕೆಂಪಗಿನ ಆ ಸಣ್ಣ ಮರಿಗಳು ಮುದ್ದೆಗಟ್ಟಿ ನೀರಿನ ಮೇಲ್ಭಾಗದಲ್ಲಿ ಸುಳಿದಾಡುತ್ತವೆ. ಅವುಗಳ ಕೆಳಗೆ ತಾಯಿತಂದೆ ಮೀನುಗಳು ಕಾವಲಿರುತ್ತವೆ. ಕಪ್ಪೆಯೋ ಬೇರೆ ಮೀನೋ ಹತ್ತಿರ ಸುಳಿದರೆ ಮೇಲೆರಗಿ ಓಡಿಸುತ್ತವೆ. ಗಾಳಗಾರರಲ್ಲಿ ಕೆಲವರು ಈ ಮರಿಗಳ ಗುಂಪನ್ನೇ ಹುಡುಕಿ, ಅದರ ನಡುವೆ ರಬ್ಬರಿನ ಕಪ್ಪೆಯನ್ನು ಎಸೆಯುತ್ತಾರೆ. ಆಗ ಎರಗುವ ಮೀನು ಹಸಿವಿನಿಂದ ಬಂದದ್ದಲ್ಲ, ಮಕ್ಕಳನ್ನು ಉಳಿಸಿಕೊಳ್ಳಲು ಬಂದದ್ದು. ಬಾಸ್ ಮೀನಿನ ಕಥೆಯೂ ಹೀಗೆಯೇ. ಅಲ್ಲಿ ಗಂಡು ಮೀನು ಗೂಡನ್ನು ಕಾಯುತ್ತದೆ. ಅದನ್ನು ಹಿಡಿದು ಸ್ವಲ್ಪ ಹೊತ್ತಿನಲ್ಲೇ ಬಿಟ್ಟರೂ, ಅಷ್ಟರೊಳಗೆ ಬೇರೆ ಮೀನುಗಳು ಮೊಟ್ಟೆಗಳನ್ನು ತಿಂದುಹಾಕುವುದುಂಟು. ಹಿಡಿದವನ ಚಿತ್ರದಲ್ಲಿ ಒಂದು ಮೀನು ಮಾತ್ರ ಕಾಣುತ್ತದೆ. ಕಾವಲು ತಪ್ಪಿ ಹೋದ ಜೀವಗಳು ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ.

ಗಾಳಗಾರನ ಪಕ್ಷದಲ್ಲಿ ಮೂರು ಸಮರ್ಥನೆಗಳಿವೆ. ಎರೆಯಾಗಿ ಯಾವ ಜೀವವನ್ನೂ ಬಳಸಿಲ್ಲ, ಕಪ್ಪೆ ರಬ್ಬರಿನದು ಎಂಬುದು ಮೊದಲನೆಯದು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1209ರಲ್ಲಿ ಜನ್ನ ಕವಿ ರಚಿಸಿದ ‘ಯಶೋಧರ ಚರಿತೆ’ಯನ್ನು ಬಲ್ಲವರಿಗೆ ಇದರ ಉತ್ತರ ತಿಳಿದೇ ಇದೆ. ಯಶೋಧರನು ಬಲಿಕೊಟ್ಟದ್ದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಅವನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲಿದರು. ಆ ಭವಗಳಲ್ಲಿ ಒಂದು ಮೀನಿನ ಜನ್ಮವೇ ಆಗಿತ್ತು. ವಸ್ತು ಹಿಟ್ಟಿನದಾಗಲಿ ರಬ್ಬರಿನದಾಗಲಿ, ಸಂಕಲ್ಪ ನಿಜವಾದುದು. ಅಲ್ಲಿ ಹಿಟ್ಟಿನ ಕೋಳಿಗೆ ನೋವಾಗಿರಲಿಲ್ಲ. ಇಲ್ಲಿ ಹುಸಿಕಪ್ಪೆಯನ್ನು ಕಚ್ಚುವ ಮೀನು ಹುಸಿಯಲ್ಲ, ಅದು ಪಂಚೇಂದ್ರಿಯ ಜೀವ.

ಕೊಲ್ಲದೆ ಬಿಡುತ್ತೇವೆ ಎಂಬುದು ಎರಡನೆಯ ಸಮರ್ಥನೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಶ್ರಾವಕರೆಲ್ಲ ಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆತ, ಪ್ರಾಣಹರಣವಲ್ಲ. ಕೊಲೆಯ ಮಾತೇ ಈ ಪಟ್ಟಿಯಲ್ಲಿಲ್ಲದಿರುವುದು ಗಮನಾರ್ಹ. ಜೀವ ಉಳಿದಾಗಲೂ ಆಗುವ ಹಿಂಸೆಯನ್ನು ಎಣಿಸಲೆಂದೇ ಆಚಾರ್ಯರು ಇದನ್ನು ರಚಿಸಿದರು. ನೂಲಿನಿಂದ ಕಟ್ಟಿ ಎಳೆಯುವುದು ಬಂಧ, ಕೊಕ್ಕೆಯಿಂದ ತುಟಿಯನ್ನು ಚುಚ್ಚುವುದು ಛೇದ. ಮೀನಿಗೆ ನೋವೆಲ್ಲಿ ಎಂದು ಕೇಳುವವರು, 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯದಂಥ ಪೀಡೆಯನ್ನು ಗ್ರಹಿಸುವ ನರತುದಿಗಳನ್ನು ಗುರುತಿಸಿದುದನ್ನು ನೆನೆಯಬೇಕು. ಅದರ ಅನುಭವ ಮನುಷ್ಯನ ನೋವಿನಂತೆಯೇ ಇದೆಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ. ಸಂದೇಹವಿರುವಲ್ಲಿ ಕೈ ಹಿಂದೆಗೆಯುವುದೇ ವಿವೇಕ. ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್‌ಲೆಂಡ್ ದೇಶ 2009ರಿಂದ ನಿಷೇಧಿಸಿದೆ. ತಿನ್ನಲು ಹಿಡಿಯುವುದಕ್ಕೆ ಅಲ್ಲಿ ಅವಕಾಶವಿದೆ, ವಿನೋದಕ್ಕಾಗಿ ಪೀಡಿಸುವುದಕ್ಕೆ ಇಲ್ಲ.

ತಿನ್ನುವುದಿಲ್ಲ ಎಂಬುದು ಮೂರನೆಯ ಸಮರ್ಥನೆ. ಸಪ್ತವ್ಯಸನಗಳಲ್ಲಿ ಮಾಂಸವನ್ನೂ ಬೇಟೆಯನ್ನೂ ಹಿರಿಯರು ಬೇರೆಬೇರೆಯಾಗಿಯೇ ಎಣಿಸಿದ್ದಾರೆ. ತಿನ್ನದವನಿಗೂ ಬೇಟೆಯ ಚಟ ಅಂಟಬಲ್ಲದು ಎಂಬ ಎಚ್ಚರ ಈ ಎಣಿಕೆಯಲ್ಲಿಯೇ ಇದೆ. ಹಸಿದವನ ಗಾಳಕ್ಕೆ ಹೊಟ್ಟೆಯೆಂಬ ಎಲ್ಲೆಯುಂಟು. ವಿನೋದದ ಗಾಳಕ್ಕೆ ಅದೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಗಾಳಗಾರರ ಬಳಿ ಒಂದು ಪ್ರಬಲವಾದ ವಾದ ಉಳಿದಿದೆ. ಅದು ಕಾವೇರಿಯ ಮಹಶೀರ್ ಮೀನಿಗೆ ಸಂಬಂಧಿಸಿದ್ದು. ಭೀಮೇಶ್ವರಿ, ಗಾಳಿಬೋರೆಗಳ ಶಿಬಿರಗಳಲ್ಲಿ ದಶಕಗಳ ಕಾಲ ಹಿಡಿದ ಮಹಶೀರ್ ಅನ್ನು ಬಿಡಲೇಬೇಕೆಂಬ ನಿಯಮವಿತ್ತು. ಅಲ್ಲಿಗೆ ಬರುತ್ತಿದ್ದವರ ಹಣದಿಂದ ಕಾವಲು ನಡೆಯಿತು. ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರಿಗೆ ಅಲ್ಲಿಯೇ ಉದ್ಯೋಗ ದೊರೆಯಿತು. ಗಾಳಗಾರರು ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದಲೇ ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತಿರುವುದು ವಿಜ್ಞಾನಿಗಳಿಗೆ ಸ್ಪಷ್ಟವಾಯಿತು. 2018ರಲ್ಲಿ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಯೆಂದು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಇದಕ್ಕೆ ಮೊದಲೇ, 2012ರ ಸುಮಾರಿಗೆ, ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳದ ಆಟ ನಿಂತಿತ್ತು. ಆಟ ನಿಂತು ಕಾವಲೂ ಸಡಿಲವಾಯಿತೆಂದು ಗಾಳಗಾರರು ವಾದಿಸುತ್ತಾರೆ.

ಈ ಜಮೆಯನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಖಾತೆ ಬರೆಯಬಲ್ಲ ಯಾವ ವರ್ತಕನೂ ಒಬ್ಬನಿಂದ ಬರಬೇಕಾದುದನ್ನು ಇನ್ನೊಬ್ಬನಿಗೆ ಕೊಡಬೇಕಾದುದರಲ್ಲಿ ಕಳೆದು, ಎರಡೂ ತೀರಿತೆಂದು ಬರೆಯುವುದಿಲ್ಲ. ನದಿಯನ್ನು ಕಾದದ್ದು ಒಂದು ಖಾತೆ, ತುಟಿಯನ್ನು ಚುಚ್ಚಿದ್ದು ಇನ್ನೊಂದು. ಮೊದಲನೆಯದರ ಪುಣ್ಯ ಎರಡನೆಯದನ್ನು ಅಳಿಸುವುದಿಲ್ಲ. ಎರಡನೆಯದರ ದೋಷ ಮೊದಲನೆಯದನ್ನು ಸುಳ್ಳಾಗಿಸುವುದೂ ಇಲ್ಲ. ಇದರಿಂದ ಶ್ರಾವಕನ ಮೇಲೆ ಒಂದು ಹೊಣೆ ಬೀಳುತ್ತದೆ. ಗಾಳ ಬೇಡವೆಂದು ಹೇಳುವವನು ಕಾವಲಿನ ಖರ್ಚನ್ನು ತಾನು ಹೊರಲು ಸಿದ್ಧನಿರಬೇಕು. ಇಲ್ಲವಾದರೆ ಅವನ ಅಹಿಂಸೆ ಬೇರೆಯವರ ಹಣದಲ್ಲಿ ನಡೆಯುವ ಉಪದೇಶವಾದೀತು.

ಬಿಡುವುದೆಂದರೇನು ಎಂಬುದನ್ನು ತಿಳಿಸುವ ಕಥೆಯೊಂದು ಪರಂಪರೆಯಲ್ಲಿಯೇ ಇದೆ. ಸೋಮದೇವಸೂರಿಗಳು ಕ್ರಿ.ಶ. 959ರಲ್ಲಿ ಪೂರ್ಣಗೊಳಿಸಿದ ‘ಯಶಸ್ತಿಲಕ’ದಲ್ಲಿ ಮೃಗಸೇನನೆಂಬ ಬೆಸ್ತನು ಬರುತ್ತಾನೆ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ಅವನು ಮುನಿಗಳಿಂದ ವ್ರತ ಪಡೆದನು. ಅಂದು ದೊಡ್ಡ ಮೀನೊಂದು ಬಿದ್ದಿತು. ಗುರುತಿಗೆ ಬಟ್ಟೆಯ ಚೂರು ಕಟ್ಟಿ ಬಿಟ್ಟನು. ಅದೇ ಮೀನು ಮತ್ತೆ ಮತ್ತೆ ಬಂದು ಬಿದ್ದಿತು. ಐದು ಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದನು. ಹೆಂಡತಿ ಕೋಪದಿಂದ ಬಾಗಿಲು ಮುಚ್ಚಿದಳು. ಹೊರಗೆ ಮಲಗಿದವನು ಆ ರಾತ್ರಿ ಹಾವು ಕಚ್ಚಿ ತೀರಿಕೊಂಡನು. ಮುಂದಿನ ಜನ್ಮದಲ್ಲಿ ಐದು ಸಲ ಮರಣದಿಂದ ಪಾರಾದನು.

ಮೃಗಸೇನನೂ ಹಿಡಿದು ಬಿಟ್ಟನು, ಇಂದಿನ ತರುಣನೂ ಹಿಡಿದು ಬಿಡುತ್ತಾನೆ. ಕ್ರಿಯೆ ಒಂದೇ. ಆದರೆ ಮೃಗಸೇನನು ಬಿಟ್ಟದ್ದು ತನ್ನ ಅಂದಿನ ಅನ್ನವನ್ನು. ತರುಣನು ಬಿಡುವುದು ತನಗೆ ಬೇಡವಾದ ವಸ್ತುವನ್ನು. ಅವನಿಗೆ ಬೇಕಾದ ರೋಮಾಂಚ ಕೈಸೇರಿದ ಮೇಲೆ ಉಳಿದ ಮೀನನ್ನು ಹಿಂದಿರುಗಿಸುವುದು ತ್ಯಾಗವಾಗದು. ಅವನು ನಿಜವಾಗಿ ಬಿಡಬೇಕಾದದ್ದು ಆ ರೋಮಾಂಚವನ್ನೇ. ಅದನ್ನು ಬಿಟ್ಟ ದಿನ ಗಾಳ ಎಸೆಯುವ ಅಗತ್ಯವೇ ಉಳಿಯುವುದಿಲ್ಲ.

ಈ ಪ್ರಶ್ನೆ ಗಾಳ ಹಿಡಿದವನದು ಮಾತ್ರವೆಂದು ಅಂಗಡಿಯಲ್ಲಿ ಕುಳಿತವನು ಭಾವಿಸಬಾರದು. ಹಿಂಸೆಯ ಉಪಕರಣವನ್ನು ಒದಗಿಸುವುದನ್ನು ಅನರ್ಥದಂಡದಲ್ಲಿ ಹಿಂಸಾದಾನವೆಂದು ಎಣಿಸಿದ್ದಾರೆ. ಅಸಲಿನಂತೆ ನಕಲನ್ನು ತೋರಿಸಿ ವ್ಯಾಪಾರ ಮಾಡುವುದು ಪ್ರತಿರೂಪಕ ವ್ಯವಹಾರ. ಅದು ಅಚೌರ್ಯವ್ರತದ ಅತಿಚಾರ. ಗಿರಾಕಿಗೆ ಕಲಬೆರಕೆ ಕೊಡಲು ಹಿಂಜರಿಯುವ ವರ್ತಕನು, ಮರಿ ಕಾಯುವ ಮೀನಿಗೆ ತೋರಿಸುವ ಹುಸಿಕಪ್ಪೆಯನ್ನು ಲಾಭದ ಸರಕೆಂದು ಜೋಡಿಸಿಡುವಾಗಲೂ ಹಿಂಜರಿಯಬೇಕು. ಪೂರ್ತಿ ಬಿಡಲಾರದ ತರುಣನಿಗೂ ಸಣ್ಣ ವ್ರತಗಳ ದಾರಿ ಮುಚ್ಚಿಲ್ಲ. ಮರಿಗಳ ಗುಂಪು ಕಂಡಲ್ಲಿ ಕಪ್ಪೆ ಎಸೆಯದಿರುವುದು, ಮಳೆಗಾಲದಲ್ಲಿ ಕೋಲನ್ನು ಕೆಳಗಿಡುವುದು, ಹಿಮ್ಮುಳ್ಳಿಲ್ಲದ ಕೊಕ್ಕೆ ಬಳಸುವುದು, ಇವು ಧರ್ಮದ ಪೂರ್ಣರೂಪವಲ್ಲ. ಆದರೆ ಮೃಗಸೇನನ ವ್ರತವೂ ಪೂರ್ಣವಾಗಿರಲಿಲ್ಲ, ಒಂದೇ ಮೀನಿನದಾಗಿತ್ತು.

ಇದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ದಡದ ದೇವಾಲಯದ ಬಳಿ ಮೀನುಗಳಿಗೆ ಅಭಯವಿದೆ. ಅಲ್ಲಿ ಗಾಳವಿಲ್ಲ, ಬಲೆಯಿಲ್ಲ. ಬಂದವರು ಮೆಟ್ಟಿಲಲ್ಲಿ ನಿಂತು ಪುರಿ ಎರಚುತ್ತಾರೆ. ಮೀನುಗಳು ಮೇಲೆ ಬರುತ್ತವೆ. ಸಾಲಗಾಮೆಯ ಕಡೆಯ ಕೆರೆಯಲ್ಲಿ ಮೇಲೆ ಬರುವುದೂ ಮೀನೇ, ಅದನ್ನು ನೋಡಿ ಅರಳುವುದೂ ಮನುಷ್ಯನ ಕಣ್ಣೇ. ತಿನ್ನಲು ಏನನ್ನೋ ತೋರಿಸಿ ಮೀನನ್ನು ಮೇಲಕ್ಕೆ ಕರೆಯುವುದು ಎರಡೂ ಕಡೆ ಉಂಟು. ಒಂದು ಕಡೆ ತೋರಿಸಿದ್ದನ್ನು ಕೊಡುತ್ತಾರೆ, ಇನ್ನೊಂದು ಕಡೆ ಕೊಡುವುದಿಲ್ಲ. ಮೀನು ಮೇಲೆ ಬರುವುದನ್ನು ನೋಡುವ ಸಂತೋಷವೇ ಬೇಕಾಗಿದ್ದರೆ, ಅದಕ್ಕೆ ಕೊಕ್ಕೆ ಬೇಕಾಗಿಲ್ಲ.