ಯಾರು ಸತ್ತೋದ್ರವ್ವಾ?

ಅವರೆಕಾಯಿಯ ಕಾಲ ಬಂತೆಂದರೆ ನಮ್ಮತ್ತೆ ಟೀವಿಗೆ ಬೆನ್ನು ಹಾಕಿ, ಬಾಗಿಲ ಬೆಳಕಿಗೆ ಮುಖ ಮಾಡಿ ಮೊರ ಹಿಡಿದು ಕೂರುತ್ತಾರೆ. ಕಂಪಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮಧ್ಯಾಹ್ನ ಹಾಗೆ ಕಾಯಿ ಸುಲಿಯುತ್ತಿದ್ದವರು ಥಟ್ಟನೆ ಕೈ ನಿಲ್ಲಿಸಿ, "ಯಾರು ಸತ್ತೋದ್ರವ್ವಾ?" ಅಂದರು.

ಯಾರೂ ಸತ್ತಿರಲಿಲ್ಲ. ಶ್ರೀರಂಗಪಟ್ಟಣವನ್ನು ಕುರಿತ ಸಾಕ್ಷ್ಯಚಿತ್ರವೊಂದು ಬರುತ್ತಿತ್ತು. ತೆರೆಯ ಮೇಲೆ ದರಿಯಾ ದೌಲತ್‌ನ ಖಾಲಿ ಮೊಗಸಾಲೆ. ಇದು ಟಿಪ್ಪುವಿನ ಬೇಸಿಗೆ ಅರಮನೆ, 1784ರಲ್ಲಿ ಕಟ್ಟಿದ್ದು, ಹೆಚ್ಚಾಗಿ ತೇಗದ ಮರದ್ದು ಎಂದಷ್ಟೇ ವಿವರಣೆ. ಆದರೆ ಹಿನ್ನೆಲೆಯಲ್ಲಿ ಸಾರಂಗಿ ಒಂದೇ ಸಮನೆ ಅಳುತ್ತಿತ್ತು. 1799ರ ಮೇ 4ರ ಸಾವಿನ ಮಾತು ಇನ್ನೂ ಬಂದೇ ಇರಲಿಲ್ಲ. ಅತ್ತೆಗೆ ಮಾತ್ರ ಸಾವು ಆಗಲೇ ಕೇಳಿಸಿಬಿಟ್ಟಿತ್ತು.

ನನಗೆ ಕುತೂಹಲವಾಗಿ ಧ್ವನಿಯನ್ನು ಪೂರ್ತಿ ಇಳಿಸಿದೆ. ಅದೇ ಮೊಗಸಾಲೆ ಬಿಸಿಲು ಬಿದ್ದು ಚೆಂದ ಕಾಣುತ್ತಿತ್ತು. ಅದಕ್ಕೇ ಕಹಳೆ ನಗಾರಿ ಕೂಡಿಸಿದರೆ ವೀರನೊಬ್ಬನ ಮನೆಯಾಗುತ್ತದೆ. ಎದೆ ನಡುಗಿಸುವಂಥ ಸದ್ದು ಕೂಡಿಸಿದರೆ ಕ್ರೂರಿಯ ಮನೆಯಾಗುತ್ತದೆ. ವಿವರಣೆಯ ಒಂದಕ್ಷರವೂ ಬದಲಾಗಬೇಕಿಲ್ಲ. ನೀವೂ ಒಮ್ಮೆ ಪರೀಕ್ಷಿಸಿ ನೋಡಿ.

ನಾನು ಚಿಕ್ಕವಳಿದ್ದಾಗ, 1990ರಲ್ಲಿ, ದೂರದರ್ಶನದಲ್ಲಿ ಟಿಪ್ಪುವಿನ ಖಡ್ಗದ ಹೆಸರಿನ ಹಿಂದಿ ಧಾರಾವಾಹಿ ಬಂತು. ಅದರ ಚಿತ್ರೀಕರಣ ನಡೆಯುತ್ತಿದ್ದಾಗಲೇ 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತಿದ್ದರಿಂದ ನಮ್ಮ ಕಡೆಯವರಿಗೆ ಅದು ಮರೆಯುವಂಥದ್ದಲ್ಲ. ಧಾರಾವಾಹಿಯ ಬಗ್ಗೆ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದು ಕಲ್ಪಿತ ಕಥೆ ಎಂಬ ಸೂಚನೆ ತೋರಿಸಿಯೇ ಪ್ರಸಾರ ಮಾಡಬೇಕಾಯಿತು. ಆ ಸೂಚನೆ ಕಥೆಗೆ ಸಂಬಂಧಿಸಿದ್ದು. ಸಂಗೀತದ ಬಗ್ಗೆ ಅಂಥ ಸೂಚನೆಯನ್ನು ಯಾರೂ ಕೇಳುವುದಿಲ್ಲ. ಸಂಗೀತ ಏನನ್ನೋ ಹೇಳುತ್ತಿದೆಯೆಂದೇ ನಮಗೆ ಹೊಳೆಯುವುದಿಲ್ಲವಲ್ಲ!

ಹಾಗಾದರೆ ಆಯಾ ಕಾಲದ ಸಂಗೀತವನ್ನೇ ಹಾಕಿದರೆ ಸರಿಹೋಗುತ್ತದೆಯೇ? ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಪಿಟೀಲು ನಮ್ಮ ದಕ್ಷಿಣದ ಸಂಗೀತಕ್ಕೆ ಸೇರಿದ್ದು 1800ರ ಆಸುಪಾಸಿನಲ್ಲಿ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಂಥವರಿಂದ. ಹಂಪಿಯ ಚಿತ್ರಕ್ಕೆ ಪಿಟೀಲು ನುಡಿಸುವುದೆಂದರೆ ರಾಯನ ಕೈಗೆ ಸ್ಟೀಲ್ ಲೋಟ ಕೊಟ್ಟಂತೆ. ಆದರೆ ಮೈಸೂರು ಅರಮನೆಯ ಚಿತ್ರಕ್ಕೆ ಪಿಯಾನೋ ಕೇಳಿಸಿದರೆ ನಗಬೇಡಿ. ಜಯಚಾಮರಾಜ ಒಡೆಯರು ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಆತ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅರಸರಿಗೇ ಅರ್ಪಿಸಿದ. ಇನ್ನು ಪುರಂದರದಾಸರ ಪದಗಳಿಗೆ ನಾವು ಹಾಡುವ ಧಾಟಿಗಳಲ್ಲಿ ಹೆಚ್ಚಿನವು ಆಮೇಲಿನವರು ಹಾಕಿದವು. ಶುಕ್ರವಾರದ ಪೂಜೆಯಲ್ಲಿ ಅವನ್ನು ಹಾಡುವಾಗ ಸುಳ್ಳಾಡುತ್ತಿದ್ದೇವೆಂದು ನಮಗೆ ಅನ್ನಿಸುವುದಿಲ್ಲ. ಅನ್ನಿಸಬೇಕಾಗಿಯೂ ಇಲ್ಲ.

ಆದ್ದರಿಂದ ವಾದ್ಯದ ವಯಸ್ಸು ಸಣ್ಣ ವಿಷಯ. ಹರಿಕಥೆಯ ದಾಸರು ಹಾರ್ಮೋನಿಯಂ ಇಟ್ಟುಕೊಂಡು ನಮ್ಮನ್ನು ಅಳಿಸುತ್ತಾರೆ. ಅಳುವುದಕ್ಕೆಂದೇ ನಾವು ಹೋಗಿರುತ್ತೇವೆ. ಸಾಕ್ಷ್ಯಚಿತ್ರದವರು ಹಾಗಲ್ಲ. ನಡೆದದ್ದನ್ನು ತೋರಿಸುತ್ತೇವೆ, ತೀರ್ಮಾನ ನಿಮ್ಮದು ಎಂದು ಮಾತು ಕೊಟ್ಟವರು. ಬಾಯಲ್ಲಿ ಮಾತು ಕೊಟ್ಟು, ಹಿಂದಿನಿಂದ ತೀರ್ಮಾನವನ್ನೂ ತಾವೇ ಕೊಟ್ಟರೆ ಅದು ಮಾತಿಗೆ ತಪ್ಪಿದಂತೆಯೇ.

ಹೀಗೆಲ್ಲ ಯೋಚಿಸಿ ಟೀವಿಯವರ ಮೇಲೆ ಸಿಟ್ಟು ಮಾಡಿಕೊಂಡಿದ್ದ ನನಗೆ, ಕೆಲವು ದಿನಗಳಲ್ಲೇ ನನ್ನ ಮಗಳು ಒಂದು ಪ್ರಶ್ನೆ ಕೇಳಿದಳು: "ಅಮ್ಮ, ದೊಡ್ಡಮ್ಮ ಕೆಟ್ಟವರಾ?"

ನನ್ನ ಓರಗಿತ್ತಿಯನ್ನು ನಾನು ಎಂದೂ ಕೆಟ್ಟವಳೆಂದಿಲ್ಲ. "ಹಿಸ್ಸೆ ಕೇಳಿದರು, ಹೊಗೆಸೊಪ್ಪಿನ ಹೊಲ ಎರಡಾಯಿತು, ಅವರು ಪಿರಿಯಾಪಟ್ಟಣಕ್ಕೆ ಹೋದರು" ಎಂದಷ್ಟೇ ಹೇಳಿದ್ದೇನೆ. ಮೂರೂ ನಿಜ. ಆದರೆ 'ಎರಡಾಯಿತು' ಎನ್ನುವಾಗ ನಾನೊಂದು ನಿಟ್ಟುಸಿರು ಬಿಡುತ್ತಿದ್ದೆ. ನನ್ನ ಸಾರಂಗಿ ಅದು. ಮಗಳು ಮಾತು ಮರೆತು ನಿಟ್ಟುಸಿರನ್ನು ನೆನಪಿಟ್ಟುಕೊಂಡಿದ್ದಳು.

ಅವಳನ್ನು ಕೂರಿಸಿಕೊಂಡು ಮತ್ತೆ ಹೇಳಿದೆ. ಈ ಸಲ ನಿಟ್ಟುಸಿರು ಬಿಡಲಿಲ್ಲ. ಅದು ಮುಚ್ಚಿಟ್ಟಿದ್ದ ಮಾತನ್ನು ಸೇರಿಸಿದೆ. ದೊಡ್ಡಪ್ಪ ತೀರಿಕೊಂಡ ವರ್ಷ ದೊಡ್ಡಮ್ಮನಿಗೆ ಇಪ್ಪತ್ತೆಂಟು ವಯಸ್ಸು, ಕೈಯಲ್ಲಿ ಎರಡು ಮಕ್ಕಳು, ಈ ಮನೆಯಲ್ಲಿ ಕೈಗೆ ಬರುವ ಕಾಸಿಲ್ಲ. ಹಿಸ್ಸೆ ಕೇಳದೆ ಇನ್ನೇನು ಮಾಡಬೇಕಿತ್ತು?

ಬಾಗಿಲ ಬೆಳಕಿನಲ್ಲಿ ಅತ್ತೆ ಕಾಯಿ ಸುಲಿಯುತ್ತಿದ್ದರು. ಅವರ ಕೈ ನಿಂತಿತು. ಯಾರು ಸತ್ತರೆಂದು ಅವರು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕಾಳು ಒಂದಿಷ್ಟು ಜಾಸ್ತಿ ಐತೆ, ದೊಡ್ಡವಳ ಮನೆಗೂ ಕೊಟ್ಟು ಬಾ" ಅಂದರು.