ಕುಡಿದನೋ, ಕುಡಿಯುತ್ತಿದ್ದನೋ?

ಐರಿಶ್ ಭಾಷೆಯಲ್ಲಿ ನಡೆದುಹೋದದ್ದನ್ನು ಹೇಳಲು ಹೊರಟವರಿಗೆ ಒಂದು ಕವಲುದಾರಿ ಎದುರಾಗುತ್ತದೆ. ‘ಡೋಲ್ ಶೇ’ ಎಂದರೆ ಅವನು ಕುಡಿದ, ಅಲ್ಲಿಗೆ ಮುಗಿಯಿತು. ‘ವೀ ಶೇ ಎಗ್ ಓಲ್’ ಎಂದರೆ ಆ ಹೊತ್ತಿನಲ್ಲಿ ಕುಡಿಯುತ್ತಾ ಇದ್ದ. ‘ಡೋಲಖ್ ಶೇ’ ಎಂದರೆ ಕುಡಿಯುವುದು ಅವನ ರೂಢಿಯಾಗಿತ್ತು.

ನಮ್ಮ ‘ಕುಡಿಯುತ್ತಿದ್ದ’ ಕೊನೆಯ ಎರಡೂ ಅರ್ಥಗಳನ್ನು ಹೊರುತ್ತದೆ. ‘ನಾನು ಹೋದಾಗ ಕುಡಿಯುತ್ತಿದ್ದ’ ಎನ್ನುವುದು ಒಂದು ಸಂಜೆಯ ಮಾತು. ಬಾಯಿಂದ ಬಾಯಿಗೆ ಹೋಗುವಾಗ ‘ನಾನು ಹೋದಾಗ’ ಉದುರಿಹೋದರೆ, ಉಳಿದ ಕ್ರಿಯಾಪದ ಇಡೀ ಬದುಕಿನ ಮೇಲಿನ ತೀರ್ಪಾಗುತ್ತದೆ. ಇದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಐರಿಶ್‌ನಲ್ಲಿ ತೀರ್ಪು ಕೊಡಬೇಕಾದರೆ ಕ್ರಿಯಾಪದದ ರೂಪವನ್ನೇ ಬದಲಿಸಬೇಕು. ಹಾಗೆಂದು ಐರಿಶ್ ಆಡುವವರು ಹೆಚ್ಚು ನ್ಯಾಯವಂತರೆಂದಲ್ಲ. ವ್ಯಾಕರಣ ಪ್ರಶ್ನೆ ಕೇಳುತ್ತದೆ, ಉತ್ತರದ ಹೊಣೆ ಹೇಳುವವರದೇ.

ಈ ರೂಢಿಯ ರೂಪ ಇರುವುದು ಆರೋಪಕ್ಕಷ್ಟೇ ಅಲ್ಲ. ಗ್ರೇಟ್ ಬ್ಲಾಸ್ಕೆಟ್ ದ್ವೀಪದ ಮೀನುಗಾರ ತೊಮಾಸ್ ಓ ಕ್ರಿಹನ್ ಐರಿಶ್‌ನಲ್ಲಿ ಬರೆದ ಆತ್ಮಕಥೆ 1929ರಲ್ಲಿ ಪ್ರಕಟವಾಯಿತು. ‘ದ್ವೀಪವಾಸಿ’ ಎಂದು ಅದರ ಹೆಸರಿನ ಅರ್ಥ. 1953ರಲ್ಲಿ ಆ ದ್ವೀಪವೇ ಖಾಲಿಯಾಯಿತು. ಅಲ್ಲಿನ ಜನ ದೋಣಿ ಇಳಿಸುತ್ತಿದ್ದರು, ಮೀನು ಹಿಡಿಯುತ್ತಿದ್ದರು ಎನ್ನಲು ಬೇಕಾದದ್ದೂ ಇದೇ ರೂಪ. ಒಂದು ದಿನವನ್ನಲ್ಲ, ಒಂದು ಬಾಳುವೆಯನ್ನು ಅದು ಉಳಿಸುತ್ತದೆ.

ಎಷ್ಟು ಸಲ ಕಂಡರೆ ರೂಢಿ ಎನ್ನಬಹುದು? ಆ ಲೆಕ್ಕ ಯಾವ ವ್ಯಾಕರಣದಲ್ಲೂ ಇಲ್ಲ. ನಾವಂತೂ ನಮ್ಮ ತಪ್ಪಿಗೆ ‘ಅಂದು ಹಾಗಾಯಿತು’ ಎನ್ನುತ್ತೇವೆ, ಪರರ ತಪ್ಪಿಗೆ ‘ಹಾಗೇ ಮಾಡುತ್ತಿದ್ದ’ ಎನ್ನುತ್ತೇವೆ. ಕತೆ ಹೇಳುವ ಮುನ್ನ ಈ ಎರಡನ್ನೂ ಒಮ್ಮೆ ಅದಲುಬದಲು ಮಾಡಿ ನೋಡಬೇಕು, ಅದರಲ್ಲೂ ಉತ್ತರ ಕೊಡಲು ಉಳಿದಿಲ್ಲದವರ ಕತೆಯಾದರೆ.