ಸಂಗಡ ಹೊರಟ ಏಳು ಮಂದಿ

ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಹೆಸರುಗಳ ಒಂದು ಪಟ್ಟಿ ಉಂಟು. ನಾಲಿಗೆಗೆ ಕಷ್ಟವಾದ ಹೆಸರುಗಳಾದ್ದರಿಂದ ಸಭೆಯಲ್ಲಿ ಓದುವವರು ಅವುಗಳನ್ನು ಬೇಗನೆ ದಾಟಿಬಿಡುತ್ತಾರೆ. ಬೆರೋಯದ ಸೋಪತ್ರ, ಥೆಸಲೋನಿಕದ ಅರಿಸ್ತಾರ್ಕ ಮತ್ತು ಸೆಕುಂದ, ದೆರ್ಬೆಯ ಗಾಯ, ತಿಮೊಥೆಯ, ಆಸ್ಯಸೀಮೆಯ ತುಖಿಕ ಮತ್ತು ತ್ರೊಫಿಮ, ಈ ಏಳು ಮಂದಿ ಕ್ರಿ.ಶ. 57ರ ಸುಮಾರಿಗೆ ಸ್ವಂತ ಸೀಮೆಯನ್ನು ಬಿಟ್ಟು, ಯೆರೂಸಲೇಮಿಗೆ ಹೋಗುವ ಪೌಲನ ಸಂಗಡ ಹೊರಟರು.

ಯಾತಕ್ಕೆ ಹೊರಟರು? ಯೆರೂಸಲೇಮಿನ ವಿಶ್ವಾಸಿಗಳಲ್ಲಿ ಬಹಳ ಬಡವರಿದ್ದರು. ಅವರಿಗೋಸ್ಕರ ಅನ್ಯಜನರ ಸಭೆಗಳು ಧರ್ಮದ ಹಣವನ್ನು ಕೂಡಿಸಿದ್ದವು. ಮಕೆದೋನ್ಯದವರು ತಾವೇ ಕಡುಬಡತನದಲ್ಲಿದ್ದರೂ ಶಕ್ತಿಮೀರಿ ಕೊಟ್ಟಿದ್ದರು. ಈ ಏಳು ಮಂದಿ ಆ ಸಭೆಗಳ ಪರವಾಗಿ ಹಣದ ಸಂಗಡ ಹೋದವರೆಂದು ವೇದಪಂಡಿತರು ಎಣಿಸುತ್ತಾರೆ. ಒಂದು ಹಣದ ಗಂಟಿಗೆ ಇಷ್ಟು ಜನರು ಬೇಕೇ? ಹಣದ ವಿಷಯದಲ್ಲಿ ಯಾರೂ ತನ್ನ ಮೇಲೆ ತಪ್ಪುಹೊರಿಸಬಾರದೆಂದು ಪೌಲನು ಎಚ್ಚರವಾಗಿದ್ದನು. (ನಮ್ಮ ಸಭೆಗಳ ಲೆಕ್ಕ ಇಡುವವರು ಇದನ್ನು ಗಮನಿಸುವದು ಒಳ್ಳೇದು.) ಆದರೆ ಅದಕ್ಕಿಂತ ದೊಡ್ಡ ಕಾರಣವೂ ಉಂಟೆಂದು ತೋರುತ್ತದೆ. ಅನ್ಯಜನರ ಸಂಗಡ ಪಂಕ್ತಿಯಲ್ಲಿ ಕೂತು ಉಣ್ಣುವದಕ್ಕೆ ಹಿಂಜರಿಯುವವರು ಯೆಹೂದ್ಯ ವಿಶ್ವಾಸಿಗಳಲ್ಲಿ ಇದ್ದರು. ಹಣವನ್ನು ದೂರದಿಂದಲೂ ತೆಗೆದುಕೊಳ್ಳಬಹುದು. ಕೊಟ್ಟವನೇ ಬಾಗಲಿಗೆ ಬಂದು ನಿಂತರೆ ಅವನನ್ನು ಒಳಗೆ ಕರೆಯಬೇಕಾಗುತ್ತದೆ. ಕುಪ್ರದ್ವೀಪದವನಾದ ಮ್ನಾಸೋನನೆಂಬ ಹಳೇ ಶಿಷ್ಯನು ಅವರಿಗೆ ಇಳುಕೊಳ್ಳಲು ಸ್ಥಳ ಕೊಟ್ಟನು.

ಆ ಪಟ್ಟಣದ ದೇವಾಲಯದಲ್ಲಿ ಒಂದು ತಡೆಗೋಡೆ ಇತ್ತು. ಅನ್ಯನು ಇದನ್ನು ದಾಟಿ ಸಿಕ್ಕಿಬಿದ್ದರೆ ಅವನ ಮರಣಕ್ಕೆ ಅವನೇ ಹೊಣೆಯೆಂದು ಗ್ರೀಕ್ ಭಾಷೆಯಲ್ಲಿ ಕೆತ್ತಿದ ಕಲ್ಲೊಂದು 1871ರಲ್ಲಿ ದೊರೆಯಿತು. ಅದು ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ತ್ರೊಫಿಮನು ಎಫೆಸದ ಅನ್ಯಜನರವನು. ಅವನೂ ಪೌಲನೂ ಪಟ್ಟಣದಲ್ಲಿ ಜೊತೆಯಾಗಿರುವದನ್ನು ಕೆಲವರು ಕಂಡಿದ್ದರು. ಅಷ್ಟರಿಂದಲೇ, ಪೌಲನು ಇವನನ್ನು ದೇವಾಲಯದೊಳಗೆ ಕರೆತಂದನೆಂದು ಎಣಿಸಿ ಗದ್ದಲವೆಬ್ಬಿಸಿದರು. ಪೌಲನು ಪೆಟ್ಟು ತಿಂದನು, ಬೇಡಿ ತೊಟ್ಟನು.

ಪ್ರಿಯರೇ, ತ್ರೊಫಿಮನನ್ನು ಬಿಡದಿಯಲ್ಲೇ ಕೂರಿಸಿ ತಾನೊಬ್ಬನೇ ಬೀದಿಗೆ ಹೋಗುವದು ಪೌಲನಿಗೆ ಸುಲಭವಾಗಿತ್ತು. ನಾವು ಹಾಗೆ ಮಾಡುವದಿಲ್ಲವೋ? ಆದಿತ್ಯವಾರ ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದವರು ಸಂತೆಯ ದಿನ ಒಂದೇ ದಾರಿಯಲ್ಲಿ ಹತ್ತು ಮಾರು ದೂರ ನಡೆಯುತ್ತಾರೆ. ಆ ಕೇರಿಯವನ ಸಂಗಡ ಕಂಡರೆ ನೆಂಟರು ಏನೆನ್ನುವರೋ, ಮಗಳ ಮದುವೆಗೆ ಅಡ್ಡಿಯಾದೀತೋ ಎಂಬ ಭಯ! ಈ ಭಯವು ಸುಳ್ಳೆಂದು ನಾನು ಹೇಳಲಾರೆನು. ತ್ರೊಫಿಮನ ಸಂಗಡ ನಡೆದದ್ದಕ್ಕೆ ಪೌಲನು ಕೊಟ್ಟ ಬೆಲೆಯೂ ಸುಳ್ಳಲ್ಲ. ಗುಡಿಯೊಳಗಿನ ಸ್ನೇಹವು ಬೀದಿಯಲ್ಲಿ ಕಾಣದೆ ಹೋದರೆ ನೆರೆಯವರು ಅದನ್ನು ಏನೆಂದು ತಿಳಿಯುವರು?

ಇನ್ನು ಅರಿಸ್ತಾರ್ಕನ ಮಾತು. ತಂದ ಕೆಲಸ ಮುಗಿದಿತ್ತು; ಊರಿಗೆ ಹಿಂದಿರುಗಿದರೆ ಅವನನ್ನು ದೂಷಿಸುವವರಿರಲಿಲ್ಲ. ಪೌಲನು ಕೈಸರೈಯದಲ್ಲಿ ಎರಡು ವರುಷ ಸೆರೆಯಲ್ಲಿದ್ದ ಮೇಲೆ ಅವನನ್ನು ರೋಮಾಪುರಕ್ಕೆ ಕಳುಹಿಸುವದಕ್ಕಾಗಿ ಹಡಗು ಹತ್ತಿಸಿದರು. ಆ ಹಡಗಿನಲ್ಲಿ ಲೂಕನು ಇನ್ನೊಬ್ಬನ ಹೆಸರನ್ನು ಬರೆದಿದ್ದಾನೆ: ಥೆಸಲೋನಿಕದ ಅರಿಸ್ತಾರ್ಕ. ಮುಂದೆ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಅವನನ್ನು ತನ್ನ ಜೊತೆ ಸೆರೆಯವನೆಂದು ಹೇಳಿ, ಅವನ ವಂದನೆಯನ್ನು ಆ ಸಭೆಗೆ ತಿಳಿಸುತ್ತಾನೆ.